ಬಡಗಿ ಸುಂದರಾನಂದ

ಗಂಗಾಪುರದ ಅಣೆಕಟ್ಟಿನ ನೀರು ಕುಡಿದು ನಾಸಿಕದಲ್ಲಿ ಬಾಳುತ್ತಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇಲ್ಲಿಯ ಹಳೆಯ ವಾಡೆಗಳ ಪರಿಚಯವುಂಟು. ಗೋದಾವರಿಯ ದಡದ ಓಣಿಗಳಲ್ಲಿ ನಿಂತು ತಲೆಯೆತ್ತಿದರೆ ಕೆತ್ತನೆಯ ಮರದ ಕಂಬಗಳೂ ತೊಲೆಗಳೂ ಕಣ್ಣಿಗೆ ಬೀಳುತ್ತವೆ. ಅವನ್ನು ಕಂಡಾಗ ನಮ್ಮಲ್ಲಿ ಒಬ್ಬರಿಗೆ ಮಲೆನಾಡಿನ ತೊಟ್ಟಿಮನೆ, ಮತ್ತೊಬ್ಬರಿಗೆ ಧಾರವಾಡದ ಕಡೆಯ ಪಡಸಾಲೆ ನೆನಪಾಗುವುದು ಸಹಜ. ಆದರೆ ನಾವು ವಾಸಿಸುವುದು ಎರಡು ಮೂರು ಕೋಣೆಗಳ ಮನೆಗಳಲ್ಲಿ. ಅಲ್ಲಿ ಕಂಬಕ್ಕೆ ಎಡೆಯಿಲ್ಲ, ತೂಗುಮಣೆಗೆ ತೊಲೆಯಿಲ್ಲ. ಊರ ಮನೆ ಬಿಚ್ಚಿದಾಗ ಪಾಲಿಗೆ ಬಂದ ಒಂದು ಬಾಗಿಲ ಹಲಗೆಯೋ ತೊಟ್ಟಿಲ ಕಾಲೋ ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತದೆ. ಮಾರಲು ಮನಸ್ಸು ಬಾರದು, ಇಡಲು ಸ್ಥಳ ಸಾಲದು.

ಇಂಥ ಹಲಗೆಗೆ ಎರಡನೆಯ ಬಾಳು ಕೊಡುವುದು ಹೇಗೆಂಬುದನ್ನೇ ಜೀವಮಾನವೆಲ್ಲ ಆಲೋಚಿಸಿದ ಒಬ್ಬರ ಚರಿತ್ರೆಯನ್ನು ಈ ಸಲ ವಾಚಕರ ಮುಂದಿಡುತ್ತೇವೆ. ಅವರ ಹೆಸರು ಜಾರ್ಜ್ ನಾಕಾಶಿಮಾ. ನಾಡಹಬ್ಬದ ಸಂಚಿಕೆಯಲ್ಲಿ ಜಪಾನೀ ಮೂಲದ ಅಮೆರಿಕದ ಬಡಗಿಯ ಕಥೆಯೇಕೆಂದು ಕೇಳುವವರು ಕೇಳಲಿ. ಅವರಿಗೆ ಸುಂದರಾನಂದ ಎಂಬ ಎರಡನೆಯ ಹೆಸರು ದೊರೆತದ್ದು ನಮ್ಮ ದೇಶದಲ್ಲಿ. ಮೇಲಾಗಿ ಅವರೂ ನೆಲೆ ಬಿಟ್ಟು ಬಂದವರ ಮಗ. ನಮಗೆ ಇಷ್ಟು ನಂಟು ಸಾಕು.

1905ನೆಯ ಇಸವಿ ಮೇ 24ರಂದು ವಾಷಿಂಗ್ಟನ್ ಸಂಸ್ಥಾನದ ಸ್ಪೋಕೇನ್ ಪಟ್ಟಣದಲ್ಲಿ ಅವರು ಜನಿಸಿದರು. ತಂದೆತಾಯಿಗಳು ಜಪಾನಿನಿಂದ ಬಂದು ನೆಲೆಸಿದವರು. ಹುಡುಗನಿಗೆ ಕಾಡಿನ ಹುಚ್ಚು. ಆ ಕಡೆಯ ಬೆಟ್ಟಗಳಲ್ಲಿ ಅಲೆದು ಮರಗಳ ಗುರುತು ಕಲಿತು, ವಿಶ್ವವಿದ್ಯಾಲಯ ಸೇರಿದಾಗ ಮೊದಲು ಅರಣ್ಯಶಾಸ್ತ್ರವನ್ನೇ ಆರಿಸಿಕೊಂಡನು. ತರುವಾಯ ವಾಸ್ತುಶಿಲ್ಪಕ್ಕೆ ಹೊರಳಿ, ಎಂ.ಐ.ಟಿ.ಯಲ್ಲಿ ಉಚ್ಚ ಪದವಿಯನ್ನೂ ಪಡೆದದ್ದಾಯಿತು. ಆದರೆ ಅದು ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸ ಹೋಯಿತು. ಇದ್ದ ಮೋಟಾರು ಗಾಡಿಯನ್ನು ಮಾರಿ, ಬಂದ ಹಣದಲ್ಲಿ ಭೂಪ್ರದಕ್ಷಿಣೆಯ ಹಡಗಿನ ಟಿಕೇಟು ಕೊಂಡರಂತೆ! ಪ್ಯಾರಿಸ್ಸಿನಲ್ಲಿ ಕೆಲಕಾಲ ಇದ್ದು, ಕೊನೆಗೆ ಟೋಕಿಯೋ ತಲುಪಿ, ಆಂಟನಿನ್ ರೇಮಂಡ್ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಕಚೇರಿಯನ್ನು ಸೇರಿದರು.

ಪುದುಚೇರಿಯ ಶ್ರೀ ಅರವಿಂದಾಶ್ರಮದವರು ಸಾಧಕರಿಗಾಗಿ ಗೋಲ್ಕೊಂಡೆ ಎಂಬ ವಸತಿಗೃಹವನ್ನು ಕಟ್ಟಿಸಲು ನಿಶ್ಚಯಿಸಿ ಆ ಕೆಲಸವನ್ನು ರೇಮಂಡರಿಗೆ ಒಪ್ಪಿಸಿದ್ದರು. ಅದರ ಮೇಲ್ವಿಚಾರಣೆಗಾಗಿ ನಾಕಾಶಿಮಾ 1930ರ ದಶಕದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದರು. ಕಬ್ಬಿಣ ಕಾಂಕ್ರೀಟಿನ ಆ ಕಟ್ಟಡದ ಉದ್ದಗಲಕ್ಕೂ ಗಾಳಿಗೆ ತೆರೆದು ಬಿಸಿಲಿಗೆ ಮುಚ್ಚುವ ಅಡ್ಡಪಟ್ಟಿಗಳು. ಒಳಗೆ ತೇಗದ ಬಾಗಿಲು, ತೇಗದ ಪೀಠೋಪಕರಣ. ಮರದ ಸಾಮಾನನ್ನು ತಾವೇ ರಚಿಸಿ ಮಾಡಿಸುವ ರುಚಿ ಅವರಿಗೆ ಹತ್ತಿದ್ದು ಅಲ್ಲಿ. ಕೆಲಸಕ್ಕೆಂದು ಬಂದವರು ಸಾಧಕರಾಗಿಬಿಟ್ಟರು. ಆಶ್ರಮದವನಾದ ಮೇಲೆ ಸಂಬಳವೇಕೆಂದು ಅದನ್ನೂ ಬೇಡವೆಂದರು. ಶ್ರೀ ಅರವಿಂದರು ಸೌಂದರ್ಯದಲ್ಲಿ ಆನಂದಪಡುವವನೆಂಬ ಅರ್ಥದ ಹೆಸರನ್ನು ಇಟ್ಟರು. ಸುಮಾರು ಎರಡು ವರ್ಷ ಇಲ್ಲಿದ್ದು, ಯುದ್ಧದ ಕಾರ್ಮೋಡ ಕವಿಯುತ್ತಿದ್ದಾಗ ಹೊರಟರು.

1941ರಲ್ಲಿ ಮೇರಿಯನ್ ಎಂಬವರೊಡನೆ ವಿವಾಹವಾಗಿ ಸಿಯಾಟಲ್ ನಗರದಲ್ಲಿ ಸಂಸಾರ ಹೂಡಿದರು. ವಾಸ್ತುಶಿಲ್ಪದ ಮೇಲಿನ ಆಸೆ ಅಷ್ಟು ಹೊತ್ತಿಗೆ ಬತ್ತಿಹೋಗಿತ್ತು. ಆರಂಭದಿಂದ ಕಡೆಯವರೆಗೆ ತನ್ನ ಕೈಯೊಳಗೇ ಇರುವಂಥ ಕೆಲಸ ಬೇಕೆಂದು, ಹುಡುಗರಿಗೆ ಬಡಗಿತನ ಕಲಿಸುವ ಒಪ್ಪಂದದ ಮೇಲೆ ಒಂದು ಕ್ಲಬ್ಬಿನ ನೆಲಮಾಳಿಗೆಯಲ್ಲಿ ಉಳಿ ಹಿಡಿದರು. ಮರುವರ್ಷ ಮಗಳು ಹುಟ್ಟಿದಳು. ಮೀರಾ ಎಂದು ಹೆಸರಿಟ್ಟರು. ಕಿವಿಗೆ ನಮ್ಮ ಮನೆಯ ಹೆಸರೇ!

ಮಗು ತೊಟ್ಟಿಲಲ್ಲಿರುವಾಗಲೇ ಸಿಡಿಲೆರಗಿತು. ಜಪಾನಿನೊಡನೆ ಯುದ್ಧ ಆರಂಭವಾಗಿತ್ತು. 1942ರ ಫೆಬ್ರವರಿಯಲ್ಲಿ ಹೊರಟ ಸರಕಾರೀ ಆಜ್ಞೆಯಂತೆ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು ಮನೆ ಅಂಗಡಿ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಹುಟ್ಟಿದ ದೇಶವೇ ಹೊರಗಿನವನೆಂದು ಬೆರಳು ತೋರಿಸಿದಾಗ ಏನಾಗುತ್ತದೆಂಬುದನ್ನು, ಅಷ್ಟು ಕಷ್ಟ ಕಾಣದ ನಾವೂ ಸ್ವಲ್ಪ ಊಹಿಸಿಕೊಳ್ಳಬಲ್ಲೆವು. ಐಡಹೋ ಸಂಸ್ಥಾನದ ಮರಳುಗಾಡಿನ ನಡುವೆ ಮಿನಿಡೋಕಾ ಎಂಬ ಶಿಬಿರ. ಮರವೆಂಬುದೇ ಇಲ್ಲದ ಆ ಬಯಲಿನಲ್ಲಿ ನಾಕಾಶಿಮಾರಿಗೆ ಗುರು ದೊರೆತರು: ಗೆಂಟಾರೋ ಹಿಕೋಗಾವಾ, ಜಪಾನೀ ಪದ್ಧತಿಯಲ್ಲಿ ಪಳಗಿದ ಬಡಗಿ. ಕಟ್ಟಡ ಕಟ್ಟಿ ಮಿಕ್ಕ ಚೂರುಪಾರು ಹಲಗೆಗಳು, ಮರಳುಗಾಡಿನ ಕುರುಚಲು ಗಿಡದ ಕಾಂಡಗಳು, ಇವೇ ಸಾಮಗ್ರಿ. ಪದವಿ ಪಡೆದ ವಾಸ್ತುಶಿಲ್ಪಿ ಆ ಬಡಗಿಯ ಶಿಷ್ಯನಾಗಿ ಕುಳಿತು ಕೈಗರಗಸ ಎಳೆಯುವುದನ್ನೂ, ಮೊಳೆಯಿಲ್ಲದೆ ಜೋಡಿಸುವುದನ್ನೂ, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆಯನ್ನೂ ಕಲಿತರು.

1943ರಲ್ಲಿ ಹಳೆಯ ಯಜಮಾನ ರೇಮಂಡರು ಹೊಣೆ ನಿಂತು ಅವರನ್ನು ಬಿಡಿಸಿದರು. ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಎಂಬ ಊರಿನಲ್ಲಿ ರೇಮಂಡರ ತೋಟವಿದ್ದಿತು. ಅಲ್ಲಿ ಕೋಳಿ ಸಾಕುವ ಕೆಲಸ. ಮುಂದೆ ಹತ್ತಿರದಲ್ಲಿಯೇ ಗುಡ್ಡದ ಇಳಿಜಾರಿನಲ್ಲಿ ಮೂರೆಕರೆ ನೆಲ ದೊರೆಯಿತು. ಹೆಂಡತಿ ಮಗುವಿನೊಡನೆ ಡೇರೆಯಲ್ಲಿ ವಾಸ. ಆಗ ಅವರು ಮೊದಲು ಕಟ್ಟಿದ್ದು ಮನೆಯನ್ನಲ್ಲ, ಕಾರ್ಖಾನೆಯನ್ನು! ಸೂರಿಗಿಂತ ಮೊದಲು ಉಳಿಗೆ ಜಾಗ. ಮನೆ ಆಮೇಲೆ ಎದ್ದಿತು, ಅದೂ ಬಹುಮಟ್ಟಿಗೆ ಅವರ ಕೈಯಿಂದಲೇ. ಮೇರಿಯನ್ನರು ಆ ದಿನಗಳನ್ನು ಹೇಗೆ ಸಹಿಸಿದರೋ, ಅವರ ಚರಿತ್ರೆಯನ್ನು ಬೇರೆ ಬರೆಯಬೇಕು.

ಒಳ್ಳೆಯ ಮರ ಕೊಳ್ಳಲು ಆಗ ಕೈಯಲ್ಲಿ ಹಣವಿರಲಿಲ್ಲ. ವ್ಯಾಪಾರಿಗಳು ಒಲ್ಲೆನೆಂದು ಬಿಸಾಡುವ ಬಿರುಕು ಹಲಗೆ, ಗಂಟು ಹಲಗೆ, ತೊಗಟೆಯಂಚಿನ ವಕ್ರ ಹಲಗೆಗಳನ್ನು ತಂದರು. ಬಡತನದಿಂದ ಹುಟ್ಟಿದ ಈ ಆಯ್ಕೆಯೇ ಮುಂದೆ ಅವರ ಮುದ್ರೆಯಾಯಿತು. ಅಂಚನ್ನು ನೇರ ಮಾಡದೆ ಮರ ಬೆಳೆದಂತೆಯೇ ಬಿಟ್ಟರು. ಬಿರುಕನ್ನು ಅರಗು ತುಂಬಿ ಮರೆಮಾಡಲಿಲ್ಲ. ಡಮರುಗದ ಆಕಾರದ ಬೆಣೆಯೊಂದನ್ನು ಬಿರುಕಿಗೆ ಅಡ್ಡವಾಗಿ ಕೂರಿಸಿ, ಅದು ಮುಂದಕ್ಕೆ ಸೀಳದಂತೆ ಕಟ್ಟಿಹಾಕಿದರು. ಎಷ್ಟೋ ಮೇಜುಗಳಲ್ಲಿ ಈ ಬೆಣೆಗಳು ಭಾರತದ ಬೀಟೆಯವು. ನಮ್ಮ ಪಶ್ಚಿಮ ಘಟ್ಟದ ಕಪ್ಪು ಮರ ದೂರದೇಶದ ಅಕ್ರೋಟು ಮರದ ಗಾಯಕ್ಕೆ ಹೊಲಿಗೆಯಾದುದನ್ನು ನೆನೆದರೆ ಸಂತೋಷವೆನಿಸುತ್ತದೆ.

ಅವರ ಮೇಜುಗಳ ವಿಷಯವನ್ನು ಕೊಂಚ ವಿಸ್ತರಿಸುವುದು ಅಗತ್ಯ. ನಾಲ್ಕು ಮೂಲೆಗೆ ನಾಲ್ಕು ಕಾಲು ನಿಲ್ಲಿಸುವುದು ಸುಲಭ. ನಡುವಣ ಪೀಠವೊಂದರ ಮೇಲೆ ಇಡೀ ಹಲಗೆಯನ್ನು ಹೊರಿಸುವುದೇ ಕಷ್ಟ. ಮಿಂಗುರೆನ್ ಎಂಬ ಹೆಸರಿನ ಅವರ ಮೇಜುಗಳಲ್ಲಿ ಮಾಮೂಲು ಕಾಲುಗಳಿಲ್ಲ. ದಪ್ಪ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ ಮೂರ್ತಿ ಕಡೆದಂತೆ ಪೀಠ ಮಾಡಿ, ಅದರ ಮೇಲೆ ಮರದ ಸೀಳನ್ನು ಇರಿಸಿದ್ದಾರೆ. ಮನೆಯಲ್ಲಿಯೇ ಇಂಥದನ್ನು ಮಾಡಹೊರಡುವ ನಮ್ಮ ಹವ್ಯಾಸಿಗಳು ಎರಡು ಸಂಗತಿಗಳನ್ನು ಮರೆಯಬಾರದು. ಪೀಠದ ತಳ ಮೇಲ್ಹಲಗೆಗಿಂತ ತೀರ ಕಿರಿದಾದರೆ, ಅಂಚಿಗೆ ಮೊಣಕೈಯೂರಿ ಏಳುವ ಅಜ್ಜನೊಡನೆ ಮೇಜೂ ಮಗುಚುವುದು; ಭಾರವಾದ ಅಗಲ ಪಾದ ಬೇಕು. ಇನ್ನೊಂದು, ಮರ ಕಡಿದ ಮೇಲೂ ಉಸಿರಾಡುತ್ತದೆ. ನಾಸಿಕದ ಮಳೆಗಾಲದಲ್ಲಿ ಬಾಗಿಲು ಬಿಗಿದು, ಚೈತ್ರದ ಬಿಸಿಲಿಗೆ ಸಡಿಲವಾಗುವುದನ್ನು ಎಲ್ಲರೂ ಬಲ್ಲರು. ಹಲಗೆ ಉದ್ದಕ್ಕೆ ಹೆಚ್ಚುಕಡಮೆ ಬದಲಾಗದು, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದುದರಿಂದ ಅದನ್ನು ಪೀಠಕ್ಕೆ ಅಂಟು ಹಾಕಿ ಬಿಗಿಯಕೂಡದು. ತಿರುಪು ಕೂಡುವ ರಂಧ್ರವನ್ನು ಅಡ್ಡಕ್ಕೆ ಉದ್ದವಾಗಿ ಕೊರೆದು ಅಲುಗಾಟಕ್ಕೆ ಎಡೆಯಿಡಬೇಕು. ಇಲ್ಲದಿದ್ದರೆ ಒಂದು ಬೇಸಿಗೆಯಲ್ಲಿ ಸದ್ದು ಮಾಡಿ ಸೀಳುವುದು. ನಾಕಾಶಿಮಾ ದಿಮ್ಮಿಯನ್ನು ಕೊಯ್ಯಿಸುವಾಗ ಗರಗಸದ ಬಳಿ ತಾವೇ ನಿಂತು ಯಾವ ಕಡೆಯಿಂದ ಸೀಳಬೇಕೆಂದು ಹೇಳುತ್ತಿದ್ದರು. ಕೊಯ್ದ ಹಲಗೆಗಳನ್ನು ನಡುನಡುವೆ ಕಡ್ಡಿಯಿಟ್ಟು ಅಟ್ಟಿ ಹಾಕಿ ವರ್ಷಗಟ್ಟಲೆ ಒಣಗಿಸುತ್ತಿದ್ದರು. ಯಾವ ಹಲಗೆ ಯಾರ ಮನೆಗೆ ಸಲ್ಲುವುದೆಂದು ಗೊತ್ತಾಗುವವರೆಗೆ ಅದು ಕಾಯುತ್ತಿತ್ತು.

ಕೀರ್ತಿ ಬಂದಿತು. ಅದರೊಡನೆ ಬೆಲೆಯೂ ಏರಿತು. 1973ರಲ್ಲಿ ನೆಲ್ಸನ್ ರಾಕ್‌ಫೆಲ್ಲರರ ಮನೆಗಾಗಿ 200ಕ್ಕೂ ಮಿಕ್ಕು ಸಾಮಾನುಗಳು ಹೋದವು. ಬಿಸಾಡಿದ ಹಲಗೆಯಿಂದ ಆರಂಭವಾದ ಸರಳತೆ ಕುಬೇರರ ಸೊತ್ತಾದುದು ನಮಗೆ ಅಷ್ಟಾಗಿ ರುಚಿಸದು. ಆದರೂ ಬೆಲೆ ಏರಿದ ಮೇಲೆಯೂ ಅವರು ಅದೇ ಗುಡ್ಡದ ಮೇಲೆ, ಮನೆಗೆ ಹೊಂದಿದ ಕಾರ್ಖಾನೆಯಲ್ಲಿಯೇ ಉಳಿದರೆಂಬುದನ್ನೂ ಹೇಳಬೇಕು. ಭಾರತವನ್ನು ಅವರು ಮರೆಯಲಿಲ್ಲ. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕರೆಯ ಮೇರೆಗೆ ಬಂದು, ಇಲ್ಲಿಯ ಬಡಗಿಗಳು ಇಲ್ಲಿಯ ಮರದಲ್ಲಿ ಮಾಡಬಹುದಾದ ಮೇಜು ಕುರ್ಚಿಗಳನ್ನು ರಚಿಸಿಕೊಟ್ಟರು.

ಮುಪ್ಪಿನಲ್ಲಿ ಅವರಿಗೆ ಒಂದು ಹಂಬಲ ಹುಟ್ಟಿತು. ಒಂದೇ ಭಾರೀ ಅಕ್ರೋಟು ಮರವನ್ನು ಸೀಳಿ, ಪ್ರತಿಯೊಂದು ಖಂಡದಲ್ಲಿಯೂ ಶಾಂತಿಗಾಗಿ ಒಂದು ಮೇಜು ಇಡಬೇಕೆಂದು. ಮೊದಲನೆಯದು 1986ರ ಕೊನೆಯ ದಿನ ನ್ಯೂಯಾರ್ಕಿನ ಸೇಂಟ್ ಜಾನ್ ದೇವಾಲಯದಲ್ಲಿ ಪ್ರತಿಷ್ಠಿತವಾಯಿತು. ಎರಡನೆಯದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1990ರ ಜೂನ್ 15ರಂದು ತೀರಿಕೊಂಡರು. ಶಿಬಿರದ ತೊಟ್ಟಿಲಲ್ಲಿ ಬೆಳೆದ ಮೀರಾ ತಂದೆಯ ಉಳಿಯನ್ನೂ ಹಂಬಲವನ್ನೂ ಕೈಗೆತ್ತಿಕೊಂಡರು. 1996ರಲ್ಲಿ ಎರಡನೆಯ ಮೇಜು ಕಡಲು ದಾಟಿ ಆರೋವಿಲ್ಲಿಗೆ ಬಂದಿತು. ಪುದುಚೇರಿಯ ಗೋಲ್ಕೊಂಡೆಗೂ ಆರೋವಿಲ್ಲಿಗೂ ಹೆಚ್ಚು ದೂರವಿಲ್ಲ. ದಕ್ಷಿಣದ ಯಾತ್ರೆಗೆ ಹೊರಡುವ ನಮ್ಮವರು ಒಂದೇ ದಿನದಲ್ಲಿ ಎರಡೂ ಕಡೆ ಹೋಗಿಬರಬಹುದು.