ಪರ್ಸಿವಲ್ ಪಾಟ್: ಬೆನ್ನುಮೂಳೆಯ ಟಿ.ಬಿ.ಗೆ ಹೆಸರಾದ ವೈದ್ಯ

ಟಿ.ಬಿ. ಎಂದರೆ ಶ್ವಾಸಕೋಶದ ಕಾಯಿಲೆ ಎಂದೇ ನಮ್ಮಲ್ಲಿ ಹಲವರ ಎಣಿಕೆ. ಅದೇ ರೋಗಾಣು ರಕ್ತದ ಮೂಲಕ ಬೆನ್ನುಮೂಳೆಗೂ ಹೋಗಬಲ್ಲದು. ಆಗ ವೈದ್ಯರು ಚೀಟಿಯಲ್ಲಿ ‘ಪಾಟ್ಸ್ ಸ್ಪೈನ್’ ಎಂದು ಬರೆಯುವುದುಂಟು. ಆ ಪಾಟ್ ಯಾರು?

ಪರ್ಸಿವಲ್ ಪಾಟ್ ಹುಟ್ಟಿದ್ದು 1714ರಲ್ಲಿ, ಲಂಡನ್ನಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ನಾವು ಪಿಯುಸಿಗೆ ಸೇರುವ ವಯಸ್ಸಿಗೆ ಅವರು ಎಡ್ವರ್ಡ್ ನೌರ್ಸ್ ಎಂಬ ಶಸ್ತ್ರವೈದ್ಯರ ಬಳಿ ಶಿಷ್ಯರಾದರು. 1749ರಲ್ಲಿ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯರಾಗಿ, ಸುಮಾರು 38 ವರ್ಷ ಅಲ್ಲಿಯೇ ದುಡಿದರು.

ನಲವತ್ತು ದಾಟಿದ ಮೇಲೊಂದು ದಿನ ಕುದುರೆಯಿಂದ ಬಿದ್ದರು. ಕಾಲಿನ ಮೂಳೆ ಮುರಿದು ಚರ್ಮ ಸೀಳಿ ಹೊರಬಂತು. ಕುಲುಕಿದರೆ ಗಾಯ ಇನ್ನೂ ಹದಗೆಡುತ್ತದೆಂದು ಬಲ್ಲ ಪಾಟ್, ಯಾರಿಗೂ ತಮ್ಮನ್ನು ಎತ್ತಲು ಬಿಡಲಿಲ್ಲ. ಚಳಿಯಲ್ಲಿ ಬೀದಿಯ ಮೇಲೇ ಮಲಗಿದ್ದು, ಪಲ್ಲಕ್ಕಿ ಹೊರುವವರನ್ನು ಕರೆಸಿ, ಒಂದು ಬಾಗಿಲು ಕೊಂಡು, ಅದಕ್ಕೆ ಬೊಂಬು ಹೊಡೆಸಿ, ಅದರ ಮೇಲೆ ಮನೆ ಸೇರಿದರು. ಅಂಥ ಕಾಲನ್ನು ಆಗ ಕತ್ತರಿಸುವುದೇ ವಾಡಿಕೆ. ಉಪಕರಣಗಳೂ ಸಿದ್ಧವಾಗಿದ್ದವು. ಕೊನೆಗಳಿಗೆಯಲ್ಲಿ ಗುರು ನೌರ್ಸ್ ಬಂದು ತಡೆದರು, ಕಾಲು ಉಳಿಯಿತು. ಹಾಸಿಗೆ ಹಿಡಿದ ಆ ದಿನಗಳಲ್ಲೇ ಪಾಟ್ ಪುಸ್ತಕ ಬರೆಯತೊಡಗಿದರು.

1779ರಲ್ಲಿ ಬಂದ ಪುಸ್ತಕವೇ ನಮ್ಮ ವಿಷಯದ್ದು. ಬೆನ್ನು ಗೂನಾಗಿ ಕಾಲಿನ ಬಲ ಕಳೆದುಕೊಂಡವರನ್ನು, ಅದರಲ್ಲೂ ಮಕ್ಕಳನ್ನು, ಅವರು ಗಮನಿಸಿದ್ದರು. ಬೆನ್ನು ಬಾಗಿದ್ದು ರೋಗದ ಕಾರಣವಲ್ಲ, ಪರಿಣಾಮ. ರೋಗ ಇರುವುದು ಮೂಳೆಯೊಳಗೆ ಎಂದರು. ಗೂನು ನೇರ ಮಾಡಲೆಂದು ಮಕ್ಕಳಿಗೆ ಬಿಗಿಯುತ್ತಿದ್ದ ಕಬ್ಬಿಣದ ಕಟ್ಟುಗಳು ವ್ಯರ್ಥ ಎಂದೂ ಹೇಳಿದರು. ಇದು ದೊಡ್ಡ ಮಾತು.

ಆದರೆ ಅವರ ಚಿಕಿತ್ಸೆ? ಗೂನಿನ ಎರಡೂ ಬದಿ ಚರ್ಮವನ್ನು ಸುಟ್ಟು ಹುಣ್ಣು ಮಾಡಿ, ಕೀವು ಹರಿಯಲೆಂದು ತಿಂಗಳುಗಟ್ಟಲೆ ತೆರೆದಿಡುವುದು! ಕೆಲವರು ಚೇತರಿಸಿಕೊಂಡರು, ಪಾಟ್ ಅದನ್ನು ಹುಣ್ಣಿನ ಗುಣವೆಂದೇ ನಂಬಿದರು. ದೀರ್ಘ ವಿಶ್ರಾಂತಿಯ ಫಲವಿರಬಹುದು ಎಂದು ನನಗನಿಸುತ್ತದೆ. ರೋಗವನ್ನು ಅಷ್ಟು ಸರಿಯಾಗಿ ಕಂಡವರು ಮದ್ದಿನಲ್ಲಿ ಎಡವಿದರು. ರೋಗಾಣುವೇ ಗೊತ್ತಿಲ್ಲದ ಕಾಲ ಅದು.

1788ರ ಡಿಸೆಂಬರಿನಲ್ಲಿ, ಚಳಿಯಲ್ಲಿ ದೂರದ ರೋಗಿಯೊಬ್ಬರನ್ನು ನೋಡಿಬಂದು ಕಾಯಿಲೆ ಬಿದ್ದ ಪಾಟ್ ತೀರಿಕೊಂಡರು. ರಾಬರ್ಟ್ ಕಾಕ್ ಟಿ.ಬಿ. ರೋಗಾಣುವನ್ನು ತೋರಿಸಿದ್ದು 94 ವರ್ಷಗಳ ನಂತರ, 1882ರಲ್ಲಿ. ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ.

ಇಂದು ಬೆನ್ನಿನ ಟಿ.ಬಿ.ಗೆ ಮುಖ್ಯ ಚಿಕಿತ್ಸೆ ಮಾತ್ರೆಗಳೇ. ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ, ಬಿಡದೆ ನುಂಗಬೇಕು. ನರ ಒತ್ತಿಹೋದಾಗ ಅಥವಾ ಮೂಳೆ ಕುಸಿದಾಗ ಮಾತ್ರ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರೆ ಉಚಿತ. ನಮ್ಮ ಜಯನಗರದ ಕಡೆಯವರಿಗೆ ನಿಮ್ಹಾನ್ಸ್ ಬಳಿಯ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಹತ್ತಿರವೇ ಇದೆ. ಪಾಟ್ ಬಳಿ ರೋಗಿಗಳು ಬರುತ್ತಿದ್ದುದು ಕಾಲು ಸೋತ ಮೇಲೆ. ಈಗ ಅಷ್ಟು ಕಾಯಬೇಕಿಲ್ಲ: ವಾರಗಟ್ಟಲೆ ಬಿಡದ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಯುವುದು, ಇಷ್ಟು ಕಂಡರೆ ಸಾಕು, ಅಮ್ಮಿಯಾಗಲಿ ಅಜ್ಜನಾಗಲಿ, ಮುಲಾಮು ಹಚ್ಚುತ್ತ ಕೂರದೆ ವೈದ್ಯರಿಗೆ ತೋರಿಸಬಹುದು.