ಕುದುರೆ ನಡೆ ಬಿಡಿಸಿದ ಮಹಾರಾಜ

ಕಂಪ್ಯೂಟರ್ ಪಾಠದಲ್ಲಿ ಬ್ಯಾಕ್‌ಟ್ರ್ಯಾಕಿಂಗ್ ಎಂಬ ವಿಷಯ ಬಂದಾಗ ಚದುರಂಗದ ಕುದುರೆಯ ಉದಾಹರಣೆ ಕೊಡುವುದು ರೂಢಿ. 64 ಮನೆಗಳಲ್ಲಿ ಒಂದನ್ನೂ ಬಿಡದೆ, ಯಾವ ಮನೆಯನ್ನೂ ಎರಡು ಸಲ ಮುಟ್ಟದೆ ಕುದುರೆ ಸುತ್ತಿ ಬರಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಒಗಟನ್ನು ಕೈಯಿಂದಲೇ ಬಿಡಿಸಿದವರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಒಬ್ಬರು.

ಅವರು ಹುಟ್ಟಿದ್ದು 14 ಜುಲೈ 1794ರಂದು, ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ತಂದೆ ತೀರಿಕೊಂಡರು. 4 ಮೇ 1799ರಂದು ಹಜರತ್ ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ, ಬ್ರಿಟಿಷರು ಐದು ವರ್ಷದ ಈ ಬಾಲಕನನ್ನು ಪಟ್ಟಕ್ಕೆ ಕೂಡಿಸಿದರು. ಟಿಪ್ಪುವಿನ ಬಳಿಯೇ ಅಧಿಕಾರಿಯಾಗಿದ್ದ ಪೂರ್ಣಯ್ಯನವರು 1811ರವರೆಗೆ ದಿವಾನರಾಗಿದ್ದರು. ಆಮೇಲೆ ಅರಸರೇ ಆಳಿದರು. 1830ರಲ್ಲಿ ನಗರದ ರೈತರು ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಸರ್ಕಾರ ಆಡಳಿತವನ್ನು ಕಿತ್ತುಕೊಂಡಿತು. ಆಗ ಅರಸರ ವಯಸ್ಸು 37. ಮುಂದೆ ಬದುಕಿದ್ದೂ ಹೆಚ್ಚುಕಡಿಮೆ ಅಷ್ಟೇ ವರ್ಷ, ಅಧಿಕಾರವಿಲ್ಲದ ಅರಸರಾಗಿ.

ಆ ಬಿಡುವನ್ನು ಅವರು ಹಾಳು ಮಾಡಲಿಲ್ಲ. ಒಂಬತ್ತು ಭಾಗಗಳ ಶ್ರೀತತ್ತ್ವನಿಧಿ ಎಂಬ ಸಚಿತ್ರ ಗ್ರಂಥ ಅವರ ಆಶ್ರಯದಲ್ಲಿ ಸಿದ್ಧವಾಯಿತು. ಅದರ ಕೊನೆಯ ಭಾಗ ಕೌತುಕನಿಧಿಯಲ್ಲಿರುವುದು ಆಟಗಳು. ಚದುರಂಗ, ಪಗಡೆ, ಗಂಜೀಫಾ ಎಲೆಗಳಲ್ಲಿ ಅವರಿಗೆ ಅಪಾರ ಆಸಕ್ತಿ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳನ್ನು ಬರೆಯಿಸಿದರು. (ನಮ್ಮ ನವಲಗುಂದದ ಜಮಖಾನೆ ನೇಯುವವರಿಗೂ ಪಗಡೆ ಹಾಸು ಹೊಸದಲ್ಲ.)

ಕುದುರೆಯ ಒಗಟು ಅರಸರಿಗಿಂತ ಬಹಳ ಹಳೆಯದು. ಒಂಬತ್ತನೆಯ ಶತಮಾನದಲ್ಲಿಯೇ ಬಗ್ದಾದಿನ ಅಲ್-ಅದ್ಲಿ ಇದನ್ನು ಬಿಡಿಸಿದ್ದರು; ಕಾಶ್ಮೀರದ ರುದ್ರಟ ಇದನ್ನು ಪದ್ಯಬಂಧವಾಗಿಸಿದ್ದ. ಇದರ ಕಷ್ಟ ಎಲ್ಲಿದೆ ಎಂದರೆ, ಹಾಸಿನ ನಡುವೆ ನಿಂತ ಕುದುರೆಗೆ ಎಂಟು ದಾರಿ, ಮೂಲೆಯಲ್ಲಿ ಎರಡೇ. ಮನಬಂದಂತೆ ನಡೆದರೆ ಹಲವು ಮನೆ ಉಳಿದಿರುವಾಗಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಒಂದು ಮನೆ ಹಿಂದಕ್ಕೆ ಬಂದು, ಆ ಅಂಕಿ ಅಳಿಸಿ, ಬೇರೆ ದಾರಿ ನೋಡಬೇಕು. ಅಲ್ಲಿಯೂ ದಾರಿ ಮುಗಿದಿದ್ದರೆ ಇನ್ನೊಂದು ಮನೆ ಹಿಂದಕ್ಕೆ. ಬ್ಯಾಕ್‌ಟ್ರ್ಯಾಕಿಂಗ್ ಎಂದರೆ ಇಷ್ಟೇ. ಕಂಪ್ಯೂಟರ್ ಬೇಸರಪಡುವುದಿಲ್ಲ, ಎಲ್ಲಿಗೆ ಹೋಗಿ ಬಂದೆನೆಂಬುದನ್ನು ಮರೆಯುವುದೂ ಇಲ್ಲ. ಆದರೂ ಹೊರಟಲ್ಲಿಗೇ ಮರಳುವ ಸುತ್ತುಗಳೇ 13 ಲಕ್ಷ ಕೋಟಿಗಿಂತ ಹೆಚ್ಚಿದ್ದು, ತಪ್ಪು ದಾರಿಗಳು ಅದಕ್ಕಿಂತ ಎಷ್ಟೋ ಪಾಲು ಇರುವುದರಿಂದ, ಬರೀ ಹುಡುಕುತ್ತ ಹೋದರೆ ಯಂತ್ರಕ್ಕೂ ಹೊತ್ತು ಹಿಡಿಯುತ್ತದೆ. ಮುಂದೆ ದಾರಿ ಕಡಿಮೆ ಇರುವ ಮನೆಗೇ ಮೊದಲು ಹೋಗಬೇಕೆಂಬ ಉಪಾಯವನ್ನು ಜರ್ಮನಿಯ ವಾರ್ನ್ಸ್‌ಡಾರ್ಫ್ 1823ರಲ್ಲಿ ತಿಳಿಸಿದ.

ರಾಜ್ಯವನ್ನು ಮರಳಿ ಕೊಡಿರೆಂದು ಒಡೆಯರು ಬ್ರಿಟಿಷರಿಗೆ ಮತ್ತೆ ಮತ್ತೆ ಬರೆಯುತ್ತಲೇ ಇದ್ದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 27 ಮಾರ್ಚ್ 1868ರಂದು ತೀರಿಕೊಂಡರು. ಆಡಳಿತ ಮರಳಿ ಬಂದದ್ದು 1881ರಲ್ಲಿ, ಆ ದತ್ತುಪುತ್ರನ ಕೈಗೆ.