ಬಾನುಲಿಯ ಒಂಟಿ ಕಂಠ: ಎ. ಎಫ್. ಎಸ್. ತಲ್ಯಾರ್‌ಖಾನರು

ಕ್ರಿಕೆಟ್ ಪಂದ್ಯವನ್ನು ಕಣ್ಣಿನಿಂದ ಕಾಣದೆ ಕಿವಿಯಿಂದಲೇ ಅನುಭವಿಸುವ ಅಭ್ಯಾಸವು ನಮ್ಮ ದೇಶದಲ್ಲಿ ಬೇರೂರಿದ ಬಗೆಯನ್ನು ವಿಚಾರಿಸುವವರು ಎ. ಎಫ್. ಎಸ್. ತಲ್ಯಾರ್‌ಖಾನರ ಹೆಸರನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಬೊಂಬಾಯಿಯ ಜನಕ್ಕೆ ಅವರು ಬಾಬಿ ತಲ್ಯಾರ್‌ಖಾನರು. ಪಾರ್ಸಿ ಮನೆತನದಲ್ಲಿ ೧೮೯೭ರಲ್ಲಿ ಜನಿಸಿದ ಈ ಮಹನೀಯರು ಆಟಗಾರರೆಂದು ಹೆಸರಾದವರಲ್ಲ. ಪತ್ರಿಕೆಗಳಿಗೆ ಆಟದ ವಿಷಯವಾಗಿ ಬರೆಯುತ್ತಿದ್ದ ಲೇಖಕರು. ಲೇಖನಿ, ಕಂಠ ಇವೆರಡೇ ಅವರ ಬಂಡವಾಳವಾಗಿದ್ದವು.

ಈ ವೃತ್ತಿಗೆ ಆಗ ಗುರುಗಳೂ ಇರಲಿಲ್ಲ, ಶಾಲೆಯೂ ಇರಲಿಲ್ಲ. ಅಮೆರಿಕದಲ್ಲಿ ೧೯೨೧ರಲ್ಲಿ ಬೇಸ್‌ಬಾಲ್ ಪಂದ್ಯವನ್ನು ಬಾನುಲಿಯಲ್ಲಿ ವರ್ಣಿಸಿದ ಹೆರಾಲ್ಡ್ ಆರ್ಲಿನ್ ಎಂಬಾತನು ವಿದ್ಯುತ್ ಕಾರಖಾನೆಯೊಂದರ ಇಂಜಿನಿಯರನು. ಇಂಗ್ಲೆಂಡಿನಲ್ಲಿ ೧೯೨೭ರ ಜನವರಿಯಲ್ಲಿ ರಗ್ಬಿ ಪಂದ್ಯವನ್ನು ವಿವರಿಸಿದ ವೇಕ್ಲಮ್ ಎಂಬಾತನು ಸೈನ್ಯದಿಂದ ಹೊರಬಂದವನು. ಅದೇ ವರ್ಷ ಜುಲೈ ತಿಂಗಳಲ್ಲಿ ಬೊಂಬಾಯಿಯಲ್ಲಿ ಖಾಸಗಿ ಕಂಪನಿಯೊಂದು ಬಾನುಲಿ ನಿಲಯವನ್ನು ತೆರೆಯಿತು. ಮೂರು ವರ್ಷಗಳೊಳಗೆ ಆ ಕಂಪನಿಯು ದಿವಾಳಿಯಾಗಿ ನಿಲಯವು ಸರಕಾರದ ವಶವಾಯಿತು. ನಮ್ಮ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಚಿಕ್ಕ ಪ್ರೇಷಕಯಂತ್ರವನ್ನಿಟ್ಟು ಆಕಾಶವಾಣಿಯನ್ನು ಆರಂಭಿಸಿದ್ದು ೧೯೩೫ರಲ್ಲಿ. ಇಂತಹ ಎಳೆಯ ಕಾಲದಲ್ಲಿ ತಲ್ಯಾರ್‌ಖಾನರು ಮೈಕ್ರೋಫೋನಿನ ಮುಂದೆ ಕುಳಿತರು.

೧೯೩೪ರಲ್ಲಿ ಬೊಂಬಾಯಿಯ ಎಸ್‌ಪ್ಲನೇಡ್ ಮೈದಾನದಲ್ಲಿ ಪಾರ್ಸಿ ಮತ್ತು ಮುಸಲ್ಮಾನ ತಂಡಗಳ ನಡುವೆ ನಡೆದ ಪಂದ್ಯವನ್ನು ಅವರು ವರ್ಣಿಸಿದರು. ರಣಜಿ ಪಂದ್ಯಾವಳಿಯು ಹುಟ್ಟಿದ್ದೂ ಅದೇ ವರ್ಷ; ಅದರ ಮೊದಲ ಪಂದ್ಯದಲ್ಲಿ ಮೈಸೂರು ತಂಡವು ಮದ್ರಾಸಿನಲ್ಲಿ ಒಂದೇ ದಿನದೊಳಗೆ ಸೋತು ಬಂದಿತ್ತು. ತಲ್ಯಾರ್‌ಖಾನರ ಪದ್ಧತಿಯು ಇಂದಿನ ಕೇಳುಗರಿಗೆ ನಂಬಲಸಾಧ್ಯವೆನಿಸೀತು. ಬೆಳಿಗ್ಗೆ ಆಟವು ಆರಂಭವಾದಂದಿನಿಂದ ಸಂಜೆ ದಾಂಡುಕಟ್ಟುಗಳನ್ನು ಕೀಳುವವರೆಗೆ, ಊಟ ಮತ್ತು ಚಹದ ವಿರಾಮಗಳನ್ನುಳಿದು, ಅವರೊಬ್ಬರೇ ಮಾತನಾಡುವರು. ಪಕ್ಕದಲ್ಲಿ ಮತ್ತೊಬ್ಬ ವಿವರಣೆಗಾರನಿಲ್ಲ. ದಣಿದ ಗಂಟಲಿಗೆ ಸರದಿಯಿಲ್ಲ. ಕ್ರಿಕೆಟ್ ಆಟದಲ್ಲಿ ಏನೂ ನಡೆಯದ ಹೊತ್ತೇ ಹೆಚ್ಚೆಂಬುದು ಬಲ್ಲವರಿಗೆ ಗೊತ್ತು. ಚೆಂಡೆಸೆಯುವವನು ತನ್ನ ಗುರುತಿನ ಕಡೆಗೆ ಹಿಂದಿರುಗಿ ನಡೆಯುತ್ತಿರುವ ಆ ಖಾಲಿ ಗಳಿಗೆಗಳನ್ನು ತುಂಬುವುದರಲ್ಲಿಯೇ ವಿವರಣೆಗಾರನ ಯೋಗ್ಯತೆಯ ಪರೀಕ್ಷೆ. ತಲ್ಯಾರ್‌ಖಾನರ ಘನವಾದ ಕಂಠವೂ, ಮುಲಾಜಿಲ್ಲದ ಮಾತೂ ಆ ಗಳಿಗೆಗಳನ್ನು ತುಂಬಿದವು. ಆಟಗಾರನು ತಪ್ಪಿದರೆ ತಪ್ಪಿದನೆಂದೇ ಹೇಳುವರು. ಮಂಡಳಿಯ ಹಿರಿಯರ ಮುಖ ನೋಡಿ ಮಾತನ್ನು ತೂಗುವವರಲ್ಲ.

ಆ ಮಾತು ಇಂಗ್ಲಿಷಿನದು. ಅದನ್ನು ಕೇಳಲು ಯಂತ್ರ ಬೇಕು, ಯಂತ್ರಕ್ಕೆ ಪರವಾನಗಿ ಬೇಕು. ಮೊದಲ ವರ್ಷಗಳಲ್ಲಿ ಪರವಾನಗಿಯ ಶುಲ್ಕವೇ ವರ್ಷಕ್ಕೆ ೧೦ ರೂಪಾಯಿ. ಗುಡೇಕೋಟೆ, ಕೂಡ್ಲಿಗಿ, ಕೊಟ್ಟೂರುಗಳು ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಮದ್ರಾಸಿನಲ್ಲಿ ಅಖಿಲ ಭಾರತ ಬಾನುಲಿಯ ನಿಲಯವು ಆರಂಭವಾದದ್ದು ೧೯೩೮ರ ಜೂನಿನಲ್ಲಿ. ಧಾರವಾಡದ ನಿಲಯವಂತೂ ೧೯೫೦ರ ಜನವರಿಯವರೆಗೆ ಇರಲಿಲ್ಲ. ಬಂಡೆಗಳ ನಡುವಿನ ಗುಡೇಕೋಟೆಯಂತಹ ಊರಿಗೆ ಬೊಂಬಾಯಿಯ ಮೈದಾನವು ತಲಪಬೇಕಾದರೆ ಬ್ಯಾಟರಿಯ ಯಂತ್ರವೊಂದೂ, ಇಂಗ್ಲಿಷ್ ಬಲ್ಲವನೊಬ್ಬನೂ ಕೂಡಿ ಬರಬೇಕಾಗಿತ್ತು. ಅಂತಹ ಕಡೆ ಕೇಳಿದ್ದನ್ನು ಸುತ್ತಲಿನವರಿಗೆ ಕನ್ನಡದಲ್ಲಿ ಹೇಳಬೇಕಾದವನೇ ಎರಡನೆಯ ವಿವರಣೆಗಾರನು. ನಮ್ಮ ಭಾಷೆಯಲ್ಲಿ ವೀಕ್ಷಕ ವಿವರಣೆ ಎಂಬ ಮಾತು ಬಳಕೆಗೆ ಬಂದು, ಬಾನುಲಿಯೇ ಕನ್ನಡದಲ್ಲಿ ಆಟವನ್ನು ವರ್ಣಿಸತೊಡಗಿದ್ದು ಬಹುಕಾಲದ ಮೇಲಿನ ಮಾತು.

ತಲ್ಯಾರ್‌ಖಾನರಿಗೆ ಕೀರ್ತಿಯನ್ನು ತಂದ ಪಂದ್ಯಾವಳಿಯು ಎಂತಹದೆಂಬುದನ್ನು ಇಲ್ಲಿ ಹೇಳಲೇಬೇಕು. ಐರೋಪ್ಯರಿಗೂ ಪಾರ್ಸಿಗಳಿಗೂ ನಡೆಯುತ್ತಿದ್ದ ಪಂದ್ಯಕ್ಕೆ ೧೯೦೭ರಲ್ಲಿ ಹಿಂದೂಗಳೂ, ೧೯೧೨ರಲ್ಲಿ ಮುಸಲ್ಮಾನರೂ, ೧೯೩೭ರಲ್ಲಿ ಉಳಿದವರು ಎಂಬ ಹೆಸರಿನ ಐದನೆಯ ತಂಡವೂ ಸೇರಿಕೊಂಡು ಅದು ಮತವಾರು ಹಂಚಿಕೆಯ ಆಟವಾಯಿತು. ಮತದೊಳಗೆ ಮತ್ತೆ ಜಾತಿಯೂ ಉಂಟಷ್ಟೆ: ಧಾರವಾಡದಲ್ಲಿ ಜನಿಸಿದ ಪಾಲ್ವಣಕರ ಬಾಳೂ ಅವರು ಹಿಂದೂ ತಂಡದ ಅತ್ಯುತ್ತಮ ಚೆಂಡೆಸೆತಗಾರರಾಗಿದ್ದರೂ ಅಸ್ಪೃಶ್ಯ ಕುಲದವರೆಂಬ ಕಾರಣದಿಂದ ನಾಯಕತ್ವವು ಅವರ ಕೈಗೆ ಬರಲಿಲ್ಲ. ಆದರೂ ಜನಸಂದಣಿಯು ಈ ಪಂದ್ಯಗಳಿಗೆ ಸೇರಿದಂತೆ ಮತ್ತಾವುದಕ್ಕೂ ಸೇರುತ್ತಿರಲಿಲ್ಲ. ಆಟವೂ ಸಾಮಾನ್ಯದ್ದಲ್ಲ. ಉಳಿದವರ ತಂಡದಲ್ಲಿದ್ದ ಕ್ರೈಸ್ತರಾದ ವಿಜಯ ಹಜಾರೆಯವರು ೧೯೪೩ರ ಅಂತಿಮ ಪಂದ್ಯದಲ್ಲಿ ತಂಡದ ೩೮೭ ರನ್ನುಗಳ ಪೈಕಿ ೩೦೯ನ್ನು ತಾವೊಬ್ಬರೇ ಗಳಿಸಿದರು.

ಗಾಂಧೀಜಿಯವರು ೧೯೪೦ರ ಡಿಸೆಂಬರಿನಲ್ಲಿ ಇಂತಹ ಮತವಾರು ತಂಡಗಳ ಆಟವನ್ನು ತಾವು ಒಪ್ಪಲಾರೆವೆಂದು ತಿಳಿಸಿದ ಮೇಲೆ ವಾದವು ಬಿರುಸಾಯಿತು. ತಲ್ಯಾರ್‌ಖಾನರು ಯಾವ ಪಂದ್ಯಾವಳಿಯಿಂದ ಮನೆಮಾತಾದರೋ ಅದನ್ನೇ ನಿಲ್ಲಿಸಬೇಕೆಂದು ಲೇಖನಿ ಹಿಡಿದರು. ಅನ್ನವಿತ್ತ ಮನೆಯ ಗೋಡೆಗೆ ಹಾರೆ ಹಾಕಿದರೆಂದು ಆಕ್ಷೇಪಿಸುವವರು ಆಕ್ಷೇಪಿಸಲಿ. ಸ್ವಂತ ಲಾಭಕ್ಕೆ ವಿರೋಧವಾಗಿ ಬರೆಯಬಲ್ಲವನ ಬರಹಕ್ಕೆ ಬೆಲೆ ಹೆಚ್ಚೆಂಬುದೇ ನಮ್ಮ ಮತ. ೧೯೪೬ರಲ್ಲಿ ಆ ಪಂದ್ಯಾವಳಿಯು ಕೊನೆಗೊಂಡಿತು.

ಅವರ ಜೀವನದ ಮುಖ್ಯ ಘಟನೆಯು ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ. ೧೯೪೮ರಲ್ಲಿ ವೆಸ್ಟ್ ಇಂಡೀಸ್ ತಂಡವು ಭಾರತಕ್ಕೆ ಬರಲು, ಟೆಸ್ಟ್ ಪಂದ್ಯಗಳನ್ನು ಮೂವರು ವಿವರಣೆಗಾರರು ಸರದಿಯಿಂದ ವರ್ಣಿಸತಕ್ಕದ್ದೆಂದು ಬಾನುಲಿ ಇಲಾಖೆಯು ನಿರ್ಧರಿಸಿತು. ತಲ್ಯಾರ್‌ಖಾನರು ಮೈಕ್ರೋಫೋನನ್ನು ಹಂಚಿಕೊಳ್ಳಲು ಒಪ್ಪದೆ ಹೊರನಡೆದರು. ಇದರಲ್ಲಿ ನ್ಯಾಯವು ಯಾರ ಕಡೆಗಿತ್ತು? ಐದು ದಿನಗಳ ಟೆಸ್ಟ್ ಪಂದ್ಯಕ್ಕೆ ಒಂದೇ ಕಂಠವು ಸಾಲದೆಂದೂ, ಒಬ್ಬನು ಕಾಣದ್ದನ್ನು ಮತ್ತೊಬ್ಬನು ಕಾಣುವನೆಂದೂ ಇಲಾಖೆಯು ಎಣಿಸಿದ್ದು ಅಯುಕ್ತವಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯು ಒಬ್ಬ ವ್ಯಕ್ತಿಯ ಸ್ವತ್ತಾಗಬಾರದು. ತಲ್ಯಾರ್‌ಖಾನರ ಹಟದಲ್ಲಿ ಅಭಿಮಾನದ ಪಾಲು ಕಡಿಮೆಯಿರಲಿಲ್ಲ. ಆದರೆ ಮೂವರು ಕುಳಿತಲ್ಲಿ ಮಾತಿನ ಹೊಣೆಯೂ ಮೂರು ಪಾಲಾಗುತ್ತದೆ. ಒಬ್ಬನೇ ಆಡಿದಾಗ ಆಡಿದ್ದಕ್ಕೆಲ್ಲ ಅವನೇ ಉತ್ತರವಾದಿ. ಕೇಳುಗನಿಗೆ ಅವನ ಪಕ್ಷಪಾತದ ಅಳತೆಯೂ ಗೊತ್ತಿರುತ್ತದೆ. ಅವರು ಹೋದುದರಿಂದ ನಷ್ಟವಾದದ್ದು ಈ ಉತ್ತರವಾದಿತ್ವ, ಬರಿಯ ಸೊಗಸಾದ ಕಂಠವಲ್ಲ.

ಆ ಸರಣಿಯ ಕೊನೆಯ ಟೆಸ್ಟು ೧೯೪೯ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿಯೇ ನಡೆಯಿತು. ೩೬೧ ರನ್ನುಗಳ ಗುರಿಯನ್ನು ಬೆನ್ನಟ್ಟಿದ ಭಾರತವು ೮ ವಿಕೆಟ್ಟುಗಳಿಗೆ ೩೫೫ ಗಳಿಸಿ, ಇನ್ನಾರು ರನ್ನುಗಳು ಉಳಿದಿರುವಾಗ ಆಟವು ಮುಗಿಯಿತು. ತಮ್ಮ ಊರಿನ ಆ ಅಂತಿಮ ಗಳಿಗೆಗಳನ್ನು ದೇಶಕ್ಕೆ ತಲಪಿಸುವ ಯೋಗವು ತಲ್ಯಾರ್‌ಖಾನರಿಗೆ ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ಆ ಪೀಠಕ್ಕೆ ಬಂದವರ ಹಿನ್ನೆಲೆಗಳು ವಿಚಿತ್ರವಾಗಿ ಬೇರೆಬೇರೆ. ಬೆರಿ ಸರ್ವಾಧಿಕಾರಿಯವರು ಕಲ್ಕತ್ತೆಯ ಪತ್ರಕರ್ತರು. ದೇವರಾಜ ಪುರಿಯವರು ರಣಜಿ ಪಂದ್ಯಗಳಲ್ಲಿ ಆಡಿದವರು. ವಿಜಯನಗರಂನ ಮಹಾರಾಜಕುಮಾರರು ೧೯೩೬ರಲ್ಲಿ ಇಂಗ್ಲೆಂಡಿಗೆ ಹೋದ ತಂಡದ ನಾಯಕರಾಗಿ, ಲಾಲಾ ಅಮರನಾಥರನ್ನು ಪ್ರವಾಸದ ನಡುವೆಯೇ ಮನೆಗೆ ಕಳುಹಿಸಿ ಅಪಕೀರ್ತಿ ಪಡೆದವರು. ಆಟವನ್ನು ಬಲ್ಲವನೆಲ್ಲ ಆಟವನ್ನು ಹೇಳಬಲ್ಲವನಲ್ಲ. ಇದಕ್ಕೆ ಕೇಳುಗರೇ ಸಾಕ್ಷಿ.

ತಲ್ಯಾರ್‌ಖಾನರು ಆಮೇಲೆ ಒಮ್ಮೊಮ್ಮೆ ಬಾನುಲಿಗೆ ಮರಳಿದರೂ ಹಳೆಯ ಏಕಾಧಿಪತ್ಯವು ಮರಳಲಿಲ್ಲ. ಅವರು ಲೇಖನಿಯನ್ನು ಮಾತ್ರ ಬಿಡಲಿಲ್ಲ. ಬ್ಲಿಟ್ಜ್ ವಾರಪತ್ರಿಕೆಯಲ್ಲಿಯೂ, ಬಳಿಕ ಮಿಡ್‌ಡೇ ಪತ್ರಿಕೆಯಲ್ಲಿಯೂ ಅವರ ಅಂಕಣಗಳು ಬಂದವು. ಇಳಿವಯಸ್ಸಿನಲ್ಲಿಯೂ ಕ್ರಿಕೆಟ್ ಮಂಡಳಿಯವರನ್ನು ಕೆಣಕುವುದನ್ನು ಅವರು ನಿಲ್ಲಿಸಲಿಲ್ಲ. ೧೯೯೦ರ ಜುಲೈ ತಿಂಗಳಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಮರಣಹೊಂದಿದರು. ಅಷ್ಟರೊಳಗೆ ದೂರದರ್ಶನದ ಚಿತ್ರವು ಮನೆಮನೆಗೆ ಬಂದು, ಆಟವನ್ನು ಮಾತಿನಿಂದ ಕಾಣುತ್ತಿದ್ದವರ ಸಂಖ್ಯೆ ಇಳಿಮುಖವಾಗಿತ್ತು.